ಹೊಲದಲ್ಲಿ ಎದ್ದದ್ದು ಟಾರ್ನೆಡೊ ಹೌದೋ ಅಲ್ಲವೋ? ಜಗತ್ತಿನಲ್ಲಿ ಅವು ಎಲ್ಲಿ, ಎಷ್ಟು ಬೀಸುತ್ತವೆ?

ಎರೆಹೊಲ (ಆಳಂದ ತಾಲ್ಲೂಕು)
ನಿನ್ನೆ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಬದುವಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದೆವು. ತೊಗರಿ ರಾಶಿ ಮುಗಿದು ಮೂರು ತಿಂಗಳಾಗಿದೆ. ನೇಗಿಲು ಹೊಡೆದ ಹೆಂಟೆಗಳ ಮೇಲೆ ಬರಿಗಾಲಿಡುವ ಹಾಗಿಲ್ಲ, ಅಷ್ಟು ಕಾದಿವೆ. ನೂರು ಹೆಜ್ಜೆ ದೂರದಲ್ಲಿ ಮಣ್ಣು ಸುತ್ತತೊಡಗಿತು. ಮೊದಲು ಮೊಣಕಾಲಿನೆತ್ತರ, ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಬೇವಿನ ಗಿಡಕ್ಕಿಂತ ಎತ್ತರ. ಒಣಗಿದ ತೊಗರಿ ಎಲೆ, ಕಸಕಡ್ಡಿ, ಗೊಬ್ಬರದ ಒಂದು ಖಾಲಿ ಚೀಲ ಎಲ್ಲವೂ ಅದರೊಳಗೆ. ಚೀಲ ಸುತ್ತುತ್ತಲೇ ಮೇಲೇರಿ, ಪಕ್ಕದವರ ಹೊಲವನ್ನೂ ದಾಟಿ ರಸ್ತೆಯಾಚೆ ಬಿದ್ದಿತು. ಅವ್ವ ಚಪ್ಪಲಿ ತೆಗೆದು ಅದರತ್ತ ತೋರಿಸಿ ಮೂರು ಸಲ ಉಗುಳಿದಳು. ಅದಕ್ಕೇ ದೆವ್ವ ನಮ್ಮ ಕಡೆ ತಿರುಗಲಿಲ್ಲ ಎಂಬುದು ಅವಳ ಮಾತು.

ತಮ್ಮನ ಮಗ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಸಂಜೆ ಹೊತ್ತಿಗೆ ಅದೇ ವಿಡಿಯೊ ‘ಕಲಬುರಗಿಗೂ ಬಂತು ಟಾರ್ನೆಡೊ’ ಎಂಬ ತಲೆಬರಹ ಹೊತ್ತು ಮೂರು ವಾಟ್ಸ್‌ಆ್ಯಪ್ ಗುಂಪುಗಳಿಂದ ನನಗೇ ವಾಪಸು ಬಂದಿತು. ಇದು ನಿಜವಾಗಿ ಟಾರ್ನೆಡೊ ಹೌದೇ? ಅಮೆರಿಕದಲ್ಲಿ ಊರಿಗೆ ಊರನ್ನೇ ಕೀಳುವಂಥವು ನಮ್ಮ ಕಡೆಗೂ ಬರುತ್ತವೆಯೇ? ತಿಳಿದವರು ಹೇಳಿ.

ಗಾಳಿಮಾತು (ಕಲಬುರಗಿ)
ಬರದೇ ಏನು ಅಣ್ಣಾ? ಹವಾಮಾನ ಕೆಟ್ಟು ಹೋಗಿದೆ. ಇವತ್ತು ಆಳಂದ, ನಾಳೆ ಸೇಡಂ. ವಿಡಿಯೊ ನಾನೂ ನಾಲ್ಕು ಕಡೆ ಕಳಿಸಿದ್ದೇನೆ.

ಮಳೆಲೆಕ್ಕ (ಕಲಬುರಗಿ, ನಿವೃತ್ತ ಭೂಗೋಳ ಶಿಕ್ಷಕ)
ಕಳಿಸುವ ಮೊದಲು ವಿಡಿಯೊದಲ್ಲಿ ಆಕಾಶ ನೋಡಿದ್ದರೆ ಸಾಕಾಗಿತ್ತು. ನಾನು ನೋಡಿದೆ. ನೀಲಿ ಆಕಾಶ, ಮೋಡದ ಚೂರೂ ಇಲ್ಲ. ಟಾರ್ನೆಡೊಗೆ ತಾಯಿ ಗುಡುಗು ಮೋಡ. ಮೋಡದ ಬುಡದಿಂದ ನೆಲದವರೆಗೆ ತಿರುಗುವ ಗಾಳಿಯ ಕಂಬ ಅದು. ಹೊಲದಲ್ಲಿ ಎದ್ದದ್ದು ನೆಲದಿಂದ ಹುಟ್ಟಿದ್ದು: ಕಾದ ಎರೆ ಮಣ್ಣಿನ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುವಾಗ ಸುತ್ತು ಹಿಡಿಯುತ್ತದೆ. ಕೆಲವೇ ನಿಮಿಷಗಳ ಆಯುಷ್ಯ.

ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಎರಡಕ್ಕೂ ‘ಸುಂಟರಗಾಳಿ’ ಎಂದೇ ಬರೆಯುತ್ತೇವೆ. ಪತ್ರಿಕೆಗಳು ಕೆಲವೊಮ್ಮೆ ಸಮುದ್ರದಿಂದ ಬರುವ ಚಂಡಮಾರುತವನ್ನೂ ಇದೇ ಚೀಲಕ್ಕೆ ತುಂಬುತ್ತವೆ. ಚಂಡಮಾರುತ ನೂರಾರು ಕಿಲೊಮೀಟರ್ ಅಗಲ, ದಿನಗಟ್ಟಲೆ ಬದುಕುತ್ತದೆ. ಟಾರ್ನೆಡೊ ಹೆಚ್ಚಾಗಿ ನೂರು ಮೀಟರ್ ಅಗಲ, ಹತ್ತು ನಿಮಿಷ. ಹೊಲದ ಸುಳಿ ನಾಲ್ಕಾರು ಮೀಟರ್. ನಾನು ಶಾಲೆಯಲ್ಲಿ ಹೊಲದ್ದಕ್ಕೆ ‘ಧೂಳುಸುಳಿ’ ಎನ್ನುತ್ತಿದ್ದೆ, ಮೋಡದ್ದಕ್ಕೆ ಟಾರ್ನೆಡೊ ಎಂದೇ. ಭಾಷಾಭಿಮಾನಿಗಳು ಬೈದರು. ಬೈಯಲಿ.

ಎರೆಹೊಲ
ಮಾಸ್ತರರೇ, ಹಾಗಾದರೆ ನಿಜವಾದದ್ದು ಎಲ್ಲೆಲ್ಲಿ ಬರುತ್ತದೆ? ಅಮೆರಿಕ ಒಂದೇ ಕಡೆಯೇ?

ಮಳೆಲೆಕ್ಕ
ಒಂದೇ ಕಡೆ ಅಲ್ಲ, ಆದರೆ ಸಿಂಹಪಾಲು ಅಲ್ಲಿಯದೇ. ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,200ರ ಆಸುಪಾಸು. ಎರಡನೆಯದು ಕೆನಡಾ, ನೂರರ ಸುತ್ತ. ಇಡೀ ಯುರೋಪಿನ ನೆಲದ ಮೇಲೆ ಸುಮಾರು 300. ಅರ್ಜೆಂಟೀನಾದ ಬಯಲು, ಉರುಗ್ವೆ, ದಕ್ಷಿಣ ಬ್ರೆಜಿಲ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಚೀನಾ, ಜಪಾನ್, ಇತ್ತ ಬಾಂಗ್ಲಾದೇಶ ಮತ್ತು ನಮ್ಮ ಪೂರ್ವ ಭಾರತ. ಅಂಟಾರ್ಕ್ಟಿಕಾದಲ್ಲಿ ದಾಖಲಾಗಿಲ್ಲ. ಸಮಭಾಜಕ ವೃತ್ತದ ಹತ್ತಿರ ಬಲು ಅಪರೂಪ.

ಕಾರಣ ನಕ್ಷೆಯಲ್ಲೇ ಇದೆ. ಅಮೆರಿಕದ ನಡು ಬಯಲಿಗೆ ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚನೆಯ ತೇವದ ಗಾಳಿ ನುಗ್ಗುತ್ತದೆ. ಪಶ್ಚಿಮದ ರಾಕಿ ಪರ್ವತಗಳ ಕಡೆಯಿಂದ ಒಣ ಗಾಳಿ ಅದರ ಮೇಲೆ ಹರಿಯುತ್ತದೆ. ಇನ್ನೂ ಮೇಲೆ ಜೆಟ್ ಪ್ರವಾಹದ ವೇಗದ ಗಾಳಿ. ನೆಲದಲ್ಲಿ ಒಂದು ದಿಕ್ಕು, ಮೇಲೆ ಇನ್ನೊಂದು ದಿಕ್ಕು, ಇನ್ನೊಂದು ವೇಗ. ರೊಟ್ಟಿ ಹಿಟ್ಟನ್ನು ಎರಡು ಅಂಗೈಗಳ ನಡುವೆ ಉಜ್ಜಿದರೆ ಉರುಳೆಯಾಗುತ್ತದಲ್ಲ, ಗಾಳಿಯೂ ಹಾಗೆಯೇ ಅಡ್ಡಲಾಗಿ ಉರುಳುತ್ತದೆ. ಗುಡುಗು ಮೋಡದ ಮೇಲೇಳುವ ಗಾಳಿ ಆ ಉರುಳೆಯನ್ನು ಎತ್ತಿ ನಿಲ್ಲಿಸಿದಾಗ ಇಡೀ ಮೋಡವೇ ತಿರುಗತೊಡಗುತ್ತದೆ. ಅಂಥ ಮೋಡಗಳಲ್ಲೂ ಹೆಚ್ಚಿನವು ಟಾರ್ನೆಡೊ ಹೆರುವುದಿಲ್ಲ. ಹೆತ್ತರೆ ಮಾತ್ರ ಭೀಕರ.

ಶಹಾಬಾದಿ (ಈಗ ಡಲ್ಲಾಸ್)
ನಾನು ಹುಟ್ಟಿದ್ದು ಶಹಾಬಾದ್, ಹನ್ನೊಂದು ವರ್ಷಗಳಿಂದ ಟೆಕ್ಸಸ್. ಅಮೆರಿಕದಲ್ಲಿ ಲೆಕ್ಕಕ್ಕೆ ಅತಿ ಹೆಚ್ಚು ಟಾರ್ನೆಡೊ ಬೀಳುವ ರಾಜ್ಯ ನಮ್ಮದೇ. ಆದರೆ ರಾಜ್ಯ ದೊಡ್ಡದು, ಕರ್ನಾಟಕದ ಮೂರೂವರೆ ಪಟ್ಟು. ಹೋಲಿಸಬೇಕೆಂದರೆ ಪಕ್ಕದ ಒಕ್ಲಹೋಮಾ ನೋಡಿ. ವಿಸ್ತೀರ್ಣ 1.8 ಲಕ್ಷ ಚದರ ಕಿಲೊಮೀಟರ್, ನಮ್ಮ ಕರ್ನಾಟಕಕ್ಕಿಂತ ತುಸು ಚಿಕ್ಕದು. ಅಲ್ಲಿ ವರ್ಷಕ್ಕೆ ಸರಾಸರಿ ಐವತ್ತಕ್ಕೂ ಹೆಚ್ಚು.

ಡಲ್ಲಾಸಿನಲ್ಲಿ ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಪರೀಕ್ಷೆ ನಡೆಯುತ್ತದೆ. ನಮ್ಮಮ್ಮ ಮೊದಲ ಸಲ ಬಂದಾಗ ಅದನ್ನು ಕೇಳಿ ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಭೋಂಗಾ ನೆನಪಾಗಿ ‘ಪಾಳಿ ಬಿಟ್ಟಿತು, ಅಡುಗೆಗಿಡುತ್ತೇನೆ’ ಎಂದು ಎದ್ದಿದ್ದರು. 2019ರ ಅಕ್ಟೋಬರ್ 20ರ ರಾತ್ರಿ ಮಾತ್ರ ಅದು ಪರೀಕ್ಷೆಯ ಸೈರನ್ ಆಗಿರಲಿಲ್ಲ. ನಗರದ ಉತ್ತರ ಭಾಗವನ್ನು ಟಾರ್ನೆಡೊ ಸೀಳಿಕೊಂಡು ಹೋಯಿತು. ಇಲ್ಲಿಯ ಮನೆಗಳಿಗೆ ನೆಲಮಾಳಿಗೆ ಇಲ್ಲ. ಏಕೆಂದರೆ ಡಲ್ಲಾಸ್ ಕುಳಿತಿರುವುದೂ ಎರೆ ಭೂಮಿಯ ಮೇಲೆಯೇ! ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಅದೇ ಕಪ್ಪು ಮಣ್ಣು, ನೆಲದಡಿ ಗೋಡೆ ಕಟ್ಟಿದರೆ ಸೀಳಿಬಿಡುತ್ತದೆ. ಹಾಗಾಗಿ ಕಿಟಕಿಯಿಲ್ಲದ ಬಚ್ಚಲಿನ ತೊಟ್ಟಿಯಲ್ಲಿ ಮಕ್ಕಳಿಬ್ಬರನ್ನು ಕೂರಿಸಿ, ಮೇಲೆ ಗಾದಿ ಹೊದಿಸಿ, ನಾವಿಬ್ಬರು ಗಾದಿ ಹಿಡಿದುಕೊಂಡು ಕುಳಿತೆವು. ನಮ್ಮ ಬೀದಿಗೆ ಬರಲಿಲ್ಲ. ನೂರಾರು ಕಟ್ಟಡ ಹಾಳಾದರೂ ಆ ರಾತ್ರಿ ಒಬ್ಬರೂ ಸಾಯಲಿಲ್ಲ. ಮೊದಲೇ ಎಚ್ಚರಿಕೆ ಬಂದದ್ದರಿಂದ.

ಗಾಳಿಮಾತು
ಆದರೆ ಚದರ ಕಿಲೊಮೀಟರ್ ಲೆಕ್ಕ ಹಿಡಿದರೆ ಅಮೆರಿಕಕ್ಕಿಂತ ಇಂಗ್ಲೆಂಡಿನಲ್ಲೇ ಹೆಚ್ಚು ಎಂದು ಕೇಳಿದ್ದೇನೆ. ಇದನ್ನಾದರೂ ಒಪ್ಪುತ್ತೀರಾ ಮಾಸ್ತರರೇ?

ಮಳೆಲೆಕ್ಕ
ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 30, ಬಹುಪಾಲು ಇಂಗ್ಲೆಂಡ್ ಭಾಗದಲ್ಲೇ. ಇಂಗ್ಲೆಂಡಿನ ವಿಸ್ತೀರ್ಣ 1.3 ಲಕ್ಷ ಚದರ ಕಿಲೊಮೀಟರ್. ಲಕ್ಷ ಚದರ ಕಿಲೊಮೀಟರಿಗೆ 20ರ ಹತ್ತಿರ ಬರುತ್ತದೆ. ಅಮೆರಿಕದ ವಿಸ್ತೀರ್ಣ 98 ಲಕ್ಷ, ಅಲಾಸ್ಕಾದ ಹಿಮ, ಪಶ್ಚಿಮದ ಮರುಭೂಮಿ ಎಲ್ಲವೂ ಸೇರಿ. ಅಲ್ಲಿ 12. ಲೆಕ್ಕ ಸರಿ. ಆದರೆ ಒಕ್ಲಹೋಮಾ ಒಂದನ್ನೇ ಹಿಡಿದರೆ 30. ಯಾವ ಗೆರೆಯೊಳಗೆ ಎಣಿಸುತ್ತೀರಿ ಎಂಬುದರ ಮೇಲೆ ಗೆಲ್ಲುವವರು ಬದಲಾಗುತ್ತಾರೆ. ಅದೂ ಅಲ್ಲದೆ ಇಂಗ್ಲೆಂಡಿನವು ಬಹುತೇಕ ಹೆಂಚು ಹಾರಿಸಿ, ಬೇಲಿ ಕೆಡವಿ ಹೋಗುವಂಥವು.

ಹುಡುಗರಿಗೆ ಹೇಳುತ್ತಿದ್ದ ಲೆಕ್ಕ ಇನ್ನೊಂದು. ನಮ್ಮ ಕಲಬುರಗಿ ಜಿಲ್ಲೆ ಸುಮಾರು 11 ಸಾವಿರ ಚದರ ಕಿಲೊಮೀಟರ್. ಅಮೆರಿಕದ ಸರಾಸರಿಯೇ ಇಲ್ಲಿಗೂ ಅನ್ವಯಿಸಿದ್ದರೆ ವರ್ಷಕ್ಕೊಂದು ಟಾರ್ನೆಡೊ ಈ ಜಿಲ್ಲೆಯಲ್ಲಿ ಎಲ್ಲೋ ಒಂದು ಕಡೆ ಇಳಿಯಬೇಕಿತ್ತು. ನಲವತ್ತು ವರ್ಷ ಮಳೆಮಾಪಕದ ಪಕ್ಕ ಬದುಕಿದ್ದೇನೆ. ಒಂದನ್ನೂ ನೋಡಿಲ್ಲ.

ಭೀಮೆಯ ಮಗಳು (ಯಾದಗಿರಿ)
ಸರ್, ಎಣಿಕೆಯಷ್ಟೇ ಹೇಳಿದರೆ ಅರ್ಧ ಕಥೆ. ಅತಿ ಹೆಚ್ಚು ಜನರನ್ನು ಕೊಂದ ಟಾರ್ನೆಡೊ ಅಮೆರಿಕದ್ದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾನಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಬೀಸಿದ್ದು. ತಿಂಗಳುಗಟ್ಟಲೆ ಮಳೆಯಿಲ್ಲದೆ ಒಣಗಿದ್ದ ಸೀಮೆಯ ಮೇಲೆ ಸಂಜೆ ಹೊತ್ತಿಗೆ ಮೋಡ ಕಟ್ಟಿತು. ಸುಮಾರು 1,300 ಜನ ಸತ್ತರು, 80 ಸಾವಿರ ಜನ ಮನೆ ಕಳೆದುಕೊಂಡರು. ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ಸಾವು 1925ರ ಮಾರ್ಚ್ 18ರದ್ದು. ಮಿಸೌರಿ, ಇಲಿನಾಯ್, ಇಂಡಿಯಾನಾ ಮೂರು ರಾಜ್ಯ ದಾಟಿದ ಒಂದೇ ಟಾರ್ನೆಡೊ, 352 ಕಿಲೊಮೀಟರ್ ಹಾದಿ, 695 ಸಾವು. ಹೆಚ್ಚುಕಡಿಮೆ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಅರ್ಧ ದಾರಿ ಮರಳಿದಷ್ಟು ದೂರ.

ಬಾಂಗ್ಲಾದೇಶದಲ್ಲಿ ಟಾರ್ನೆಡೊ ಸಂಖ್ಯೆ ಅಮೆರಿಕದ ಮುಂದೆ ಏನೇನೂ ಅಲ್ಲ. 1996ರ ಮೇ 13ರಂದು ಟಾಂಗೈಲ್ ಸುತ್ತಮುತ್ತ ಮತ್ತೆ ನೂರಾರು ಜನ ಹೋದರು. ಕಾರಣ, ಕಿಕ್ಕಿರಿದ ಹಳ್ಳಿಗಳು, ಬಿದಿರು ಮತ್ತು ತಗಡಿನ ಮನೆಗಳು, ಆಗ ಇಲ್ಲದಿದ್ದ ಎಚ್ಚರಿಕೆ. ಹಾರಿ ಬಂದ ತಗಡು ಕತ್ತಿಯಂತೆ ಜನರನ್ನು ಕಡಿದಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾದ್ದರಿಂದ ಹೇಳುತ್ತಿದ್ದೇನೆ, ತಗಡಿನ ಗಾಯ ಹೇಗಿರುತ್ತದೆ ಎಂದು ನೋಡಿದವರು ಆ ಮಾತನ್ನು ಅತಿಶಯ ಎನ್ನುವುದಿಲ್ಲ.

ಕೋಟೆಕಂದಕ (ಬೀದರ್)
ನಮ್ಮ ದೇಶದ ಲೆಕ್ಕ ಯಾರೂ ಹೇಳಲಿಲ್ಲ. ದಿಲ್ಲಿಯಲ್ಲೇ ಒಂದು ಬಂದಿತ್ತು, 1978ರ ಮಾರ್ಚ್ 17. ವಿಶ್ವವಿದ್ಯಾಲಯದ ಉತ್ತರ ಆವರಣದ ಸುತ್ತ ಕೆಲವೇ ನಿಮಿಷ, 28 ಸಾವು. 1998ರ ಮಾರ್ಚ್ 24ರಂದು ಒಡಿಶಾ–ಬಂಗಾಳ ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಮಾರ್ಚ್‌ನಲ್ಲಿ ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮನೆಗಳೂ ಕಿನ್ನೊ ಹಣ್ಣಿನ ತೋಟಗಳೂ ಹೋದವು. 2024ರ ಮಾರ್ಚ್ 31ರಂದು ಜಲಪಾಯಿಗುರಿಯ ಮಯನಾಗುರಿ ಕಡೆ. ಎಲ್ಲವೂ ಮಾರ್ಚ್ ತಿಂಗಳು, ಎಲ್ಲವೂ ನಮ್ಮಿಂದ ಉತ್ತರಕ್ಕೋ ಪೂರ್ವಕ್ಕೋ. ನಮ್ಮ ಬೀದರಿಗೆ ಮಾತ್ರ ಆಲಿಕಲ್ಲು. 2014ರ ಮಾರ್ಚ್ ಯಾರು ಮರೆಯುತ್ತಾರೆ? ಹೊಲಗಳು ಬೆಳ್ಳಗೆ ಕಾಶ್ಮೀರದಂತೆ, ಜೋಳ ನೆಲಕಚ್ಚಿತ್ತು.

ತಗಡು ಕೆಲಸ (ಹುಮನಾಬಾದ್)
ಎಲ್ಲರೂ ‘ನಮ್ಮ ಕಡೆ ಇಲ್ಲ’ ಎನ್ನುತ್ತೀರಿ. ಹೋದ ಮೇ ತಿಂಗಳಲ್ಲಿ ನಾನೇ ಕಟ್ಟಿದ ಒಂದು ಕೋಳಿ ಶೆಡ್ಡಿನ ತಗಡೆಲ್ಲ ಕಿತ್ತು ಹೋದವು. ಸಾಯಂಕಾಲ ಐದು ಗಂಟೆ, ಮೋಡ ಕಪ್ಪಾಗಿತ್ತು, ಧೂಳಿನ ಗೋಡೆಯೇ ಬಂತು, ಆಮೇಲೆ ದಪ್ಪ ಹನಿ. ಮಾಲೀಕರು ಇವತ್ತಿಗೂ ‘ಟಾರ್ನೆಡೊ ಬಂದು ಹೋಯಿತು, ನಿನ್ನ ಕೆಲಸದ ತಪ್ಪಲ್ಲ’ ಎನ್ನುತ್ತಾರೆ. ನನಗೂ ಅದೇ ಒಳ್ಳೆಯದು, ಬಿಡಿ. ಮರುದಿನ ತಗಡು ಆರಿಸಿ ತಂದವನೂ ನಾನೇ. ಮೂಡಣ ದಿಕ್ಕಿನ ಹೊಲದಲ್ಲಿ ಒಂದರ ಹಿಂದೊಂದು ಬೀಸಣಿಗೆ ಬಿಚ್ಚಿದಂತೆ ಬಿದ್ದಿದ್ದವು. ಇದು ಯಾವುದು ಮಾಸ್ತರರೇ?

ಮಳೆಲೆಕ್ಕ
ನಿಮ್ಮ ಕಣ್ಣು ದೊಡ್ಡದು. ಉತ್ತರ ನೀವೇ ಕೊಟ್ಟಿದ್ದೀರಿ. ಎಲ್ಲ ತಗಡೂ ಒಂದೇ ದಿಕ್ಕಿಗೆ ಬಿದ್ದಿದ್ದರೆ ಅದು ತಿರುಗಿದ ಗಾಳಿಯಲ್ಲ, ಮೋಡದಿಂದ ಕೆಳಗೆ ಸುರಿದು ನೆಲಕ್ಕಪ್ಪಳಿಸಿ ಹರಡಿದ ಗಾಳಿ. ಕೊಡದ ನೀರನ್ನು ಒಮ್ಮೆಲೇ ಅಂಗಳಕ್ಕೆ ಸುರಿದರೆ ಹೇಗೆ ಸುತ್ತಲೂ ಚಿಮ್ಮುತ್ತದೆ, ಹಾಗೆ. ಇಂಗ್ಲಿಷಿನಲ್ಲಿ ಡೌನ್‌ಬರ್ಸ್ಟ್ ಎನ್ನುತ್ತಾರೆ. ಟಾರ್ನೆಡೊ ಆಗಿದ್ದರೆ ಕೆಲವು ತಗಡು ಮೂಡಣಕ್ಕೆ, ಕೆಲವು ಪಡುವಣಕ್ಕೆ, ಕಿರಿದಾದ ಒಂದು ಹಾದಿಯುದ್ದಕ್ಕೂ ಅಡ್ಡಾದಿಡ್ಡಿ ಬೀಳಬೇಕಿತ್ತು.

ಭೀಮೆಯ ಮಗಳು
ಇದನ್ನು ಕಂಡುಹಿಡಿದವರ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಟೆಟ್ಸುಯಾ ಫುಜಿಟಾ, ಜಪಾನಿನ ಕೊಕುರಾ ಕಡೆಯವರು. 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾ ಮೇಲೆಯೇ. ಕೆಳಗೆ ಏನೂ ಕಾಣದ ಕಾರಣ ವಿಮಾನ ನಾಗಸಾಕಿಗೆ ತಿರುಗಿತು. ಆಮೇಲೆ ಫುಜಿಟಾ ನಾಗಸಾಕಿಗೆ ಹೋಗಿ ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂದು ನೋಡಿ ಬಂದರು. ಮುಂದೆ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಟಾರ್ನೆಡೊಗಳು ಎದ್ದ ಮೇಲೆ ವಿಮಾನದಿಂದ ನೋಡುವಾಗ, ಕೆಲವು ಕಡೆ ಮರಗಳು ಸುತ್ತು ಹಿಡಿದಿರಲಿಲ್ಲ. ಒಂದು ಬಿಂದುವಿನಿಂದ ಹೊರಕ್ಕೆ, ನಕ್ಷತ್ರದ ಕಿರಣಗಳಂತೆ ಮಲಗಿದ್ದವು. ನಾಗಸಾಕಿಯಲ್ಲಿ ಕಂಡದ್ದು ನೆನಪಿಗೆ ಬಂತು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿ 113 ಜನ ಸತ್ತಾಗ, ಇದೇ ಇಳಿಗಾಳಿಯ ಕೆಲಸ ಎಂದು ಅವರು ವಾದಿಸಿದರು. ಮೊದಲು ಹಲವರು ನಂಬಲಿಲ್ಲ.

ಟಾರ್ನೆಡೊ ಬಲ ಅಳೆಯುವ ಮಾಪಕವೂ ಅವರದೇ, 1971ರದ್ದು. ಗಾಳಿಯನ್ನು ನೇರವಾಗಿ ಅಳೆಯುವುದು ಕಷ್ಟ, ಆದ್ದರಿಂದ ಮನೆ, ಮರಗಳಿಗೆ ಆದ ಹಾನಿ ನೋಡಿ ಸೊನ್ನೆಯಿಂದ ಐದರವರೆಗೆ ದರ್ಜೆ. ಅಮೆರಿಕದಲ್ಲಿ 2007ರಿಂದ ಅದರ ಸುಧಾರಿತ ರೂಪ ಬಳಕೆಯಲ್ಲಿದೆ. ತಗಡು ಆರಿಸಿದ ಅಣ್ಣ ಮಾಡಿದ್ದೂ ಫುಜಿಟಾ ಮಾಡಿದ್ದೂ ಒಂದೇ ಕೆಲಸ.

ತಗಡು ಕೆಲಸ
ಅಕ್ಕಾ, ಈ ಮಾತನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ‘ಅವರಿಗೆ ಸಂಬಳ ಇತ್ತಲ್ಲ’ ಎಂದಳು.

ಕೋಟೆಕಂದಕ
ನಮ್ಮೂರಲ್ಲಿ ವಾಯುಪಡೆ ನೆಲೆ ಇರುವುದರಿಂದ ನನಗೆ ಇಷ್ಟವಾದ ಕಥೆ ಬೇರೆ. 1948ರ ಮಾರ್ಚ್ 20ರಂದು ಒಕ್ಲಹೋಮಾದ ಟಿಂಕರ್ ವಾಯುನೆಲೆಗೆ ಟಾರ್ನೆಡೊ ಅಪ್ಪಳಿಸಿ ವಿಮಾನಗಳನ್ನು ಪುಡಿ ಮಾಡಿತು. ಇಂಥದ್ದನ್ನು ಮುಂಚಿತವಾಗಿ ಹೇಳಲು ಸಾಧ್ಯವೇ ಎಂದು ಇಬ್ಬರು ಹವಾಮಾನ ಅಧಿಕಾರಿಗಳನ್ನು ಕೇಳಲಾಯಿತು, ಫಾಬುಷ್ ಮತ್ತು ಮಿಲ್ಲರ್. ಐದೇ ದಿನಕ್ಕೆ, ಮಾರ್ಚ್ 25ರಂದು, ನಕ್ಷೆ ಅದೇ ರೀತಿ ಕಂಡಿತು. ಎದೆ ಗಟ್ಟಿ ಮಾಡಿಕೊಂಡು ಮುನ್ಸೂಚನೆ ಕೊಟ್ಟರು. ಸಂಜೆ ಟಾರ್ನೆಡೊ ಅದೇ ನೆಲೆಗೆ ಬಂತು! ಅದಕ್ಕೂ ಮೊದಲು ಎಷ್ಟೋ ದಶಕ ಅಮೆರಿಕದ ಹವಾಮಾನ ಇಲಾಖೆ ಮುನ್ಸೂಚನೆಯಲ್ಲಿ ‘ಟಾರ್ನೆಡೊ’ ಪದವನ್ನೇ ಬಳಸಗೊಡುತ್ತಿರಲಿಲ್ಲ, ಜನ ಹೆದರುತ್ತಾರೆಂದು. ಇಲ್ಲಿ ನೋಡಿದರೆ ಧೂಳುಸುಳಿಗೂ ಆ ಪದ.

ಗಾಳಿಮಾತು
ಸರಿ, ಪದದ ವಿಷಯದಲ್ಲಿ ಸೋತೆ. ಆದರೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದು ಸುಳ್ಳೇ?

ಶಹಾಬಾದಿ
ಎಣಿಕೆ ಹೆಚ್ಚಿದ್ದರಲ್ಲಿ ದೊಡ್ಡ ಪಾಲು ಎಣಿಸುವವರದು. 1990ರ ದಶಕದಲ್ಲಿ ಡಾಪ್ಲರ್ ರಾಡಾರ್ ಜಾಲ ಬಂತು, ಆಮೇಲೆ ಎಲ್ಲರ ಕೈಗೆ ಮೊಬೈಲ್ ಬಂತು. ಮೊದಲು ಯಾರೂ ಇಲ್ಲದ ಹುಲ್ಲುಗಾವಲಿನಲ್ಲಿ ಎದ್ದು ಬಿದ್ದವು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಬಲವಾದ ಟಾರ್ನೆಡೊಗಳ ಎಣಿಕೆಯಲ್ಲಿ ಅಂಥ ಏರಿಕೆ ಕಾಣುವುದಿಲ್ಲ. ಅತ್ಯುಚ್ಚ ಐದನೆಯ ದರ್ಜೆಯದು 2013ರ ಮೇ ತಿಂಗಳಲ್ಲಿ ಒಕ್ಲಹೋಮಾದ ಮೂರ್ ಪಟ್ಟಣಕ್ಕೆ ಬಂದ ಮೇಲೆ ಮತ್ತೊಂದು ದಾಖಲಾಗಲು 2025ರ ಜೂನ್‌ವರೆಗೆ ಕಾಯಬೇಕಾಯಿತು, ಉತ್ತರ ಡಕೋಟಾದಲ್ಲಿ. ಬದಲಾಗಿರುವುದು ಬೇರೆ: ಟಾರ್ನೆಡೊ ಏಳುವ ದಿನಗಳು ಕಡಿಮೆಯಾಗಿವೆ, ಎದ್ದ ದಿನ ಗುಂಪಾಗಿ ಏಳುತ್ತವೆ. ನಡು ಬಯಲಿನಿಂದ ಪೂರ್ವಕ್ಕೆ, ಮಿಸಿಸಿಪ್ಪಿ, ಅಲಬಾಮಾ, ಟೆನೆಸಿ ಕಡೆಗೆ ಸರಿಯುತ್ತಿವೆ. ಅಲ್ಲಿ ಜನ ಹೆಚ್ಚು, ಕಾಡು ಹೆಚ್ಚು, ರಾತ್ರಿ ಬರುವವೂ ಹೆಚ್ಚು. ಒಕ್ಲಹೋಮಾದಲ್ಲಾದರೆ ಹತ್ತು ಮೈಲಿಯಿಂದಲೇ ಕಾಣುತ್ತದೆ.

ಎರೆಹೊಲ
ಒಂದು ಪ್ರಶ್ನೆ ಉಳಿಯಿತು. ಬಿಸಿಲಿಗೆ ನಮಗೆ ಕೊರತೆಯಿಲ್ಲ, ಗುಡುಗು ಮೋಡವೂ ಕಟ್ಟುತ್ತದೆ. ಮತ್ತೆ ಢಾಕಾಕ್ಕೆ ಬಂದದ್ದು ಇಲ್ಲಿಗೇಕೆ ಬರುವುದಿಲ್ಲ?

ಮಳೆಲೆಕ್ಕ
ಮೂರನೆಯ ಪದಾರ್ಥ ಸಾಲದು. ಬಿಸಿಲು, ತೇವ ಇವೆ. ಮೇಲಿನ ವೇಗದ ಗಾಳಿ ದೂರ. ಜೆಟ್ ಪ್ರವಾಹ ಬೇಸಿಗೆಯ ಆರಂಭದಲ್ಲಿ ಹಿಮಾಲಯದ ದಕ್ಷಿಣ ಅಂಚಿಗೆ ಹರಿಯುತ್ತದೆ, ಬಂಗಾಳದ ಮೇಲೆ ಅದರ ನೆರಳು ಬೀಳುತ್ತದೆ. ಢಾಕಾ 24 ಡಿಗ್ರಿ ಅಕ್ಷಾಂಶದ ಹತ್ತಿರ, ಕಲಬುರಗಿ 17ರ ಆಸುಪಾಸು. ನಮ್ಮ ಅಶ್ವಿನಿ, ಭರಣಿ ಮಳೆಯ ಮೋಡಗಳು ನೆಟ್ಟಗೆ ಬೆಳೆದು, ತಮ್ಮ ಮಳೆಯ ಭಾರಕ್ಕೇ ಕುಸಿದು ಬೀಳುವಂಥವು. ಕುಸಿಯುವಾಗ ಹುಮನಾಬಾದಿನ ತಗಡು ಕೀಳುತ್ತವೆ. ಎಂದೂ ಟಾರ್ನೆಡೊ ಬರಲಾರದು ಎಂದು ಬರೆದುಕೊಡಲಾರೆ. ನಮ್ಮ ಕಡೆ ಜನ ಸಾಯುವುದು ಸಿಡಿಲಿಗೆ. ಬುತ್ತಿ ಬಿಚ್ಚಿದ ಆ ಬೇವಿನ ಗಿಡದ ಕೆಳಗೆ ನಿನ್ನೆ ನೀಲಿ ಆಕಾಶವಿತ್ತು, ಸರಿ. ಗುಡುಗು ಕೇಳಿಸಿದರೆ ಅಲ್ಲಿಂದ ಏಳಬೇಕು. ಮೊಬೈಲಿನಲ್ಲಿ ‘ದಾಮಿನಿ’ ಹಾಕಿಕೊಳ್ಳಿ, ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ವಿಡಿಯೊವನ್ನು ಇನ್ನೊಮ್ಮೆ ನೋಡಿ, ಯಾವ ಕಡೆ ತಿರುಗುತ್ತಿದೆ? ನಮ್ಮ ಗೋಳಾರ್ಧದಲ್ಲಿ ಟಾರ್ನೆಡೊ ಬಹುಮಟ್ಟಿಗೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಧೂಳುಸುಳಿಗೆ ಅಂಥ ನಿಯಮವಿಲ್ಲ.

ಎರೆಹೊಲ
ನೋಡಿದೆ. ಗಡಿಯಾರದಂತೆಯೇ, ಬೀಸುವ ಕಲ್ಲಿನಂತೆ. ತಮ್ಮನ ಮಗ ಗುಂಪುಗಳಲ್ಲಿ ‘ಇದು ಧೂಳುಸುಳಿ’ ಎಂದು ಬರೆದ. ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ಅವ್ವನಿಗೆ, ಮಣ್ಣು ಕಾದು ಗಾಳಿ ಮೇಲೆದ್ದದ್ದು ಎಂದು ವಿವರಿಸಿದೆ. ‘ಹಾಗಾದರೆ ಚಪ್ಪಲಿ ತೋರಿಸಿದ ಕೂಡಲೇ ಯಾಕೆ ನಿಂತಿತು’ ಎಂದಳು. ಮಾಸ್ತರರೇ, ಇದಕ್ಕೆ ಉತ್ತರ ನೀವೇ ಬಂದು ಹೇಳಬೇಕು.

ತಗಡಿನ ಅಣ್ಣನವರಿಗೆ ಒಂದು ಮಾತು: ಹೊಲದಲ್ಲಿ ನಮ್ಮದೂ ಒಂದು ಎಮ್ಮೆ ಶೆಡ್ ಇದೆ. ಹನ್ನೆರಡು ತಗಡು, ಹಾರದಿರಲೆಂದು ಮೇಲೆ ಪರ್ಸಿ ಕಲ್ಲಿನ ತುಂಡುಗಳನ್ನು ಹೇರಿದ್ದೇವೆ.

ತಗಡು ಕೆಲಸ
ಕಲ್ಲು ಹೇರುವುದನ್ನು ಮೊದಲು ಬಿಡಿ. ಗಾಳಿ ತಗಡನ್ನು ತಳ್ಳುವುದಿಲ್ಲ, ಎತ್ತುತ್ತದೆ. ತೆರೆದ ಬಾಯಿಯಿಂದ ಒಳಗೆ ನುಗ್ಗಿ ಕೆಳಗಿನಿಂದ ಒತ್ತುತ್ತದೆ, ಮೇಲೆ ಹಾಯುವ ಗಾಳಿ ಸೆಳೆಯುತ್ತದೆ. ಅಂಚಿನ ತಗಡು ಮೊದಲು ಏಳುತ್ತದೆ, ಅದರ ಹಿಂದೆ ಉಳಿದವು. ಆಗ ಕಲ್ಲು ಎಮ್ಮೆಯ ಮೇಲೆಯೇ ಬೀಳುತ್ತದೆ, ಎಮ್ಮೆ ಇಲ್ಲದಿದ್ದರೆ ಹಾಲು ಕರೆಯುವವರ ಮೇಲೆ. ಜೆ ಹುಕ್ ಹಾಕಿ, ವಾಷರ್ ಸಮೇತ ಬಿಗಿಯಬೇಕು, ಅಂಚಿನಲ್ಲಿ ಎರಡು ಪಟ್ಟು ಹುಕ್. ಶೆಡ್ಡಿನ ಬಾಯಿ ಯಾವ ಕಡೆಗಿದೆ?

ಎರೆಹೊಲ
ಪಡುವಣಕ್ಕೆ.

ತಗಡು ಕೆಲಸ
ಹಾಗಾದರೆ ಭಾನುವಾರವೇ ಬರುತ್ತೇನೆ. ಹುಕ್ಕು ನಾನು ತರುತ್ತೇನೆ, ಏಣಿ ನಿಮ್ಮದು. ಕಲ್ಲುಗಳನ್ನು ಮಾತ್ರ ಇವತ್ತೇ ಇಳಿಸಿಬಿಡಿ.